ಬಾಗಿಲಲ್ಲಿ ತೂಗುವ ಬೀಗ ಹೇಳುವ ಸುದ್ದಿ

ಕಾರ್ತಿಕ ಕಾಲಿಟ್ಟರೆ ಹೊಸಪೇಟೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಈಗೀಗ ಬಲು ಬೇಗ ಕತ್ತಲಾಗುತ್ತೆ. ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಅಷ್ಟೇನೂ ಇಲ್ಲ. ಜೂನ್ ಕೊನೆಯಲ್ಲಿ ಸಂಜೆ 7ರ ಹತ್ತಿರಕ್ಕೆ ಮುಳುಗುವ ಸೂರ್ಯ ನವೆಂಬರ್ ಕೊನೆಯಲ್ಲಿ 5.50ರ ಸುಮಾರಿಗೆ ಮುಳುಗುತ್ತಾನೆ. ಡಿಸೆಂಬರಿನ ಅತಿ ಚಿಕ್ಕ ಹಗಲೂ 11 ಗಂಟೆಗೆ ಕಡಿಮೆಯಿಲ್ಲ. ಲಂಡನ್ನಿನಲ್ಲಿ ಅದೇ ಡಿಸೆಂಬರಿನಲ್ಲಿ ನಾಲ್ಕಕ್ಕೂ ಮುಂಚೆ ಸೂರ್ಯ ಕಾಣೆಯಾಗುತ್ತಾನೆ. ಹಗಲು ಎಂಟು ಗಂಟೆಯೂ ಇರುವುದಿಲ್ಲ. ಅಲ್ಲಿನ ಪೊಲೀಸರು ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ತಾಸು ಹಿಂದಕ್ಕೆ ಸರಿಸಿದ ಕೂಡಲೇ ‘ಕತ್ತಲ ತಿಂಗಳು ಬಂತು, ಮನೆ ಜೋಪಾನ’ ಎಂದು ಜನರನ್ನು ಎಚ್ಚರಿಸಲು ಶುರುಮಾಡುತ್ತಾರೆ. ಅವರ ಎಚ್ಚರಿಕೆಯ ಪಟ್ಟಿಯನ್ನು ಹಾಗೇ ಎತ್ತಿ ತಂದು ನಮ್ಮ ಹೊಸಪೇಟೆಯ ಚಿತ್ತವಾಡ್ಗಿಯ ಓಣಿಯಲ್ಲಿ ಅಂಟಿಸಿದರೆ ಅರ್ಧ ಉಪಯೋಗಕ್ಕೆ ಬಂದೀತು, ಅರ್ಧ ಬಾರದು.

ನಮ್ಮ ಕತ್ತಲೆಗೆ ಅದರದೇ ಒಂದು ನಡೆ ಇದೆ. ಸಂಜೆ ಅತಿ ಬೇಗ ಕಪ್ಪಾಗುವುದು ನವೆಂಬರಿನಲ್ಲಿ, ದೀಪಾವಳಿ ಕಳೆದ ಮೇಲೆ. ಆಮೇಲೆ ಸಂಜೆ ನಿಧಾನಕ್ಕೆ ಹಿಗ್ಗುತ್ತದೆ, ಆದರೆ ಬೆಳಗು ಕುಗ್ಗುತ್ತಲೇ ಹೋಗುತ್ತದೆ. ಜನವರಿ ಮೂರನೇ ವಾರದಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6.54ರ ಆಸುಪಾಸಿಗೆ, ಜೂನ್‌ಗಿಂತ ಹೆಚ್ಚುಕಡಿಮೆ ಒಂದು ತಾಸು ತಡ. ಅಂದರೆ ಕಾರ್ತಿಕದ ಕತ್ತಲೆ ಸಂಜೆಯದು, ಧನುರ್ಮಾಸ ಮತ್ತು ಸಂಕ್ರಾಂತಿಯ ಕತ್ತಲೆ ನಸುಕಿನದು. ಮನೆಗಳ್ಳತನದ ಭಯವನ್ನೂ ಸರಗಳ್ಳತನದ ಭಯವನ್ನೂ ಒಂದೇ ಗಂಟಿಗೆ ಕಟ್ಟುವವರು ಇದನ್ನು ಮರೆಯುತ್ತಾರೆ.

ಕಾನೂನು ಮಾತ್ರ ಸೂರ್ಯನನ್ನು ಮರೆತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 331ನೇ ಕಲಂ ಪ್ರಕಾರ, ಕಳ್ಳತನದ ಉದ್ದೇಶದಿಂದ ಹಗಲಲ್ಲಿ ಮನೆ ಒಡೆದು ನುಗ್ಗಿದರೆ ಹತ್ತು ವರ್ಷಗಳವರೆಗೆ ಜೈಲು. ಅದನ್ನೇ ಸೂರ್ಯಾಸ್ತದಿಂದ ಸೂರ್ಯೋದಯದ ಒಳಗೆ ಮಾಡಿದರೆ ಹದಿನಾಲ್ಕರವರೆಗೆ. ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲೂ ಈ ಭೇದ ಇತ್ತು. ರಾತ್ರಿ ಮನೆಯೊಳಗೆ ಜನ ಮಲಗಿರುತ್ತಾರೆ, ಕಳ್ಳ ಎದುರಾದರೆ ಜೀವಕ್ಕೂ ಅಪಾಯ ಎಂಬುದು ಅದರ ಹಿಂದಿನ ವಿಚಾರ. ವಿಚಾರ ಸರಿಯೇ. ಆದರೆ ಪೇಪರಿನ ಜಿಲ್ಲಾ ಪುಟ ಓದುವವರಿಗೆ ಗೊತ್ತು, ಅಲ್ಲಿ ಮತ್ತೆ ಮತ್ತೆ ಬರುವ ಶೀರ್ಷಿಕೆ ‘ಬೀಗ ಹಾಕಿದ ಮನೆಗೆ ಕನ್ನ’. ಮದುವೆಗೆ ಹೋಗಿದ್ದರು, ಜಾತ್ರೆಗೆ ಹೋಗಿದ್ದರು, ಮಗಳ ಊರಿಗೆ ಹೋಗಿದ್ದರು. ಕಳ್ಳನಿಗೆ ಬೇಕಾದದ್ದು ಕತ್ತಲೆಗಿಂತ ಖಾಲಿ ಮನೆ.

ಹಾಗೆ ನೋಡಿದರೆ ನಮ್ಮ ‘ಕತ್ತಲ ತಿಂಗಳು’ ದಸರೆಗೆ ಶುರುವಾಗಿ ಬೇಸಿಗೆಯವರೆಗೂ ಮುಗಿಯುವುದಿಲ್ಲ. ದಸರೆಗೆ, ದೀಪಾವಳಿಗೆ ಊರು, ಕಾರ್ತಿಕ ಮುಗಿಯುತ್ತಲೇ ಮದುವೆಗಳು, ಭಾರತ ಹುಣ್ಣಿಮೆಗೆ ಮೈಲಾರದ ಕಾರಣಿಕ, ಆ ಹೊತ್ತಿಗೇ ಕೊಟ್ಟೂರಿನ ತೇರು, ಚೈತ್ರದಲ್ಲಿ ಹಂಪಿಯ ತೇರು, ಆಮೇಲೆ ಹುಲಿಗಿಯ ಜಾತ್ರೆ. ಬೇಸಿಗೆಯಲ್ಲಿ ಇನ್ನೊಂದು ತರಹ: ಸೆಕೆ ತಾಳದೆ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗುತ್ತಾರೆ, ಕೆಳಗಿನ ಬಾಗಿಲಿಗೆ ಬರೀ ಚಿಲಕ. ಮನೆಯಲ್ಲಿ ಆರು ಮಂದಿ ಇದ್ದೂ ಮನೆ ಖಾಲಿ. ಚಳಿಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿ ಹೊದ್ದು ಮಲಗಿದವರಿಗೆ ಪಕ್ಕದ ಮನೆಯ ಸದ್ದು ಕೇಳುವುದಿಲ್ಲ. ಬೇಸಿಗೆಯಲ್ಲಿ ಮೇಲೆ ಮಲಗಿದವರಿಗೆ ಕೆಳಗಿನ ಸದ್ದು ಕೇಳುವುದಿಲ್ಲ.

ಈ ಬೀಗದ ಸಂಗತಿಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಓಣಿಗಳಲ್ಲಿ ಹೆಚ್ಚಿನ ಮನೆಗಳ ಮುಂಬಾಗಿಲಿಗೆ ಹೊರಗಿನಿಂದ ಒಂದು ಚಿಲಕ, ಚೌಕಟ್ಟಿಗೆ ಬಡಿದ ಒಂದು ಕೊಂಡಿ, ಅದರಲ್ಲಿ ತೂಗುವ ಬೀಗ. ಬೀಗಕ್ಕೆ ಎಂಟುನೂರು, ಸಾವಿರ ಕೊಟ್ಟಿರುತ್ತಾರೆ, ಹಿತ್ತಾಳೆಯದು, ಕೈಗೆ ತೂಕ. ಕೊಂಡಿಯನ್ನು ಹಿಡಿದಿರುವುದು ಬೆರಳಿನ ಗೆಣ್ಣಿನಷ್ಟೂ ಉದ್ದವಿಲ್ಲದ ಎರಡು ಸ್ಕ್ರೂ. ಅದೂ ಹತ್ತಾರು ಮಳೆಗಾಲ ಕಂಡು ಮೆತ್ತಗಾದ ಮರದಲ್ಲಿ. ಕಳ್ಳ ಬೀಗದ ತಂಟೆಗೇ ಹೋಗುವುದಿಲ್ಲ. ಕೊಂಡಿಯ ಸಂದಿಗೆ ಕಬ್ಬಿಣದ ರಾಡು ತೂರಿಸಿ ಒಂದು ಸಲ ಮೀಟಿದರೆ ಬೀಗ ಬೀಗವಾಗಿಯೇ ಕೊಂಡಿಯ ಸಮೇತ ನೆಲಕ್ಕೆ ಬೀಳುತ್ತದೆ. ಮಹಜರಿಗೆ ಬಂದ ಪೊಲೀಸರ ಕೈಗೆ ಗೀರು ಕೂಡ ಬೀಳದ ಬೀಗ ಸಿಗುತ್ತದೆ. ಇದಕ್ಕೆ ಬಡಗಿಯ ಹತ್ತಿರ ಅಗ್ಗದ ಮದ್ದು ಇದೆ: ಸ್ಕ್ರೂ ಬದಲು ಚೌಕಟ್ಟಿನ ಆಚೆಗೆ ಹಾಯುವ ಬೋಲ್ಟು, ಒಳಗಡೆ ನಟ್ಟು. ಇಲ್ಲವೇ ಬಾಗಿಲ ಮೈಯೊಳಗೇ ಕೂರುವ ಲಾಕು. ಒಳಲಾಕಿನ ದೊಡ್ಡ ಗುಣ ಅದರ ಗಟ್ಟಿತನವಲ್ಲ, ಮೌನ. ತೂಗುಬೀಗ ಬೀದಿಗೆಲ್ಲ ಸಾರುತ್ತದೆ, ಒಳಗೆ ಯಾರೂ ಇಲ್ಲ ಎಂದು. ಒಳಲಾಕು ಏನನ್ನೂ ಹೇಳುವುದಿಲ್ಲ.

ಹಳೆಯ ಮಣ್ಣಿನ ಮಾಳಿಗೆ ಮನೆಗಳ ಬಾಗಿಲಿಗೆ ಹೊರಗಿನ ಬೀಗಕ್ಕಿಂತ ಒಳಗಿನ ಅಗುಳಿಯೇ ಮುಖ್ಯವಾಗಿತ್ತು. ಗೋಡೆಯ ತೂತಿನಿಂದ ಎಳೆದು ಕದಕ್ಕೆ ಅಡ್ಡ ಹಾಕುವ ತೊಲೆ. ಮನೆಯಲ್ಲಿ ಸದಾ ಯಾರಾದರೊಬ್ಬರು ಇರುತ್ತಾರೆ ಎಂದು ನಂಬಿ ಕಟ್ಟಿದ ಮನೆ ಅದು. ಅಜ್ಜಿ ಇದ್ದಳು, ಊರಿಗೆ ಹೋಗದ ಒಬ್ಬ ಚಿಕ್ಕಪ್ಪ ಇದ್ದ. ಈಗ ಮನೆ ಅಂದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಹೊರಟರೆ ನಾಲ್ವರೂ ಹೊರಟರು. ಹೊರಡುವಾಗ ಕೀಲಿಕೈ ಎಲ್ಲಿ? ಮೀಟರ್ ಬಾಕ್ಸಿನಲ್ಲಿ, ಚಪ್ಪಲಿ ಸ್ಟ್ಯಾಂಡಿನಲ್ಲಿ, ತುಳಸಿ ಕಟ್ಟೆಯ ಹಿಂದೆ, ಬಾಗಿಲ ಮೇಲಿನ ಪಟ್ಟಿಯಲ್ಲಿ. ಈ ನಾಲ್ಕು ಜಾಗ ಕಳ್ಳನಿಗೆ ಗೊತ್ತಿಲ್ಲ ಎಂದು ನಂಬಿರುವುದು ಮನೆಯವರು ಮಾತ್ರ. ಮುಂದೆ ಬೀರು, ಬೀರುವಿನ ಕೀಲಿಕೈ ಹಾಸಿಗೆ ಕೆಳಗೆ. ಬೀರುವಿನೊಳಗೆ ಬಂಗಾರ.

ಬಂಗಾರವೇ ಈ ಕಥೆಯ ತಿರುಳು. 2025ರಲ್ಲಿ ಹತ್ತು ಗ್ರಾಂ ಬಂಗಾರದ ಬೆಲೆ ಒಂದು ಲಕ್ಷ ರೂಪಾಯಿ ದಾಟಿತು. ಒಂದು ಮಾಂಗಲ್ಯದ ಸರ ಈಗ ಒಂದು ಹೊಸ ಬೈಕಿಗಿಂತ ಹೆಚ್ಚು ಬಾಳುತ್ತದೆ, ಬೈಕನ್ನು ಮಾತ್ರ ನಾವು ಎರಡು ಲಾಕು ಹಾಕಿ ನಿಲ್ಲಿಸುತ್ತೇವೆ. ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರಿಗೂ ಇದೇ ಪೀಕಲಾಟ: ದೀಪಾವಳಿ ಹತ್ತಿರವಾದಾಗ ಭಾರತೀಯ ಮನೆಗಳ ಬಂಗಾರದ ಮೇಲೆ ಕಳ್ಳರ ಕಣ್ಣಿರುತ್ತದೆ ಎಂದು ಅಲ್ಲಿನ ಪೊಲೀಸರು ಎಚ್ಚರಿಸುತ್ತಲೇ ಇರುತ್ತಾರೆ. ಬ್ಯಾಂಕ್ ಲಾಕರ್ ಒಂದು ದಾರಿ. ಆದರೆ 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಳವು, ಬೆಂಕಿ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆ ಇಂಥ ಸಂದರ್ಭಗಳಲ್ಲಿ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಎರಡು ಸಾವಿರ ಬಾಡಿಗೆಯಾದರೆ ಎರಡು ಲಕ್ಷ. ಅಂದರೆ ಎರಡು ತೊಲಕ್ಕೂ ಸಾಲದು. ಆದರೂ ಬೀರುವಿಗಿಂತ ಲಾಕರ್ ವಾಸಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಒಡವೆಗಳ ಫೋಟೊ ಮತ್ತು ರಸೀದಿ ಬೇರೆಡೆ ಇಟ್ಟಿರಿ. ಕಳ್ಳ ಸಿಕ್ಕ ಮೇಲೂ ‘ಇದು ನಮ್ಮದೇ’ ಎಂದು ಕೋರ್ಟಿನಲ್ಲಿ ತೋರಿಸಿ ಬಿಡಿಸಿಕೊಳ್ಳಬೇಕಾದವರು ನೀವೇ.

ಇನ್ನು ಬೀದಿ. ಚಿತ್ತವಾಡ್ಗಿಯ ರಾತ್ರಿ ಮೊದಲು ಹೀಗಿರಲಿಲ್ಲ. ಇಲ್ಲಿನ ಐಎಸ್‌ಆರ್ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದಾಗ ಕಬ್ಬು ನುರಿಯುವ ಹಂಗಾಮು ಇದೇ ಚಳಿಯ ತಿಂಗಳುಗಳಲ್ಲೇ ಬರುತ್ತಿತ್ತು. ಬೆಲ್ಲದ ವಾಸನೆ, ಕಬ್ಬಿನ ಗಾಡಿಗಳು, ಪಾಳಿ ಮುಗಿಸಿ ಬರುವ ಕಾರ್ಮಿಕರು, ಅವರಿಗಾಗಿ ತೆರೆದ ಚಹಾದಂಗಡಿ. ವರ್ಷದ ಉದ್ದನೆಯ ರಾತ್ರಿಗಳಲ್ಲೇ ಈ ಬೀದಿಗಳು ಹೆಚ್ಚು ಎಚ್ಚರವಾಗಿರುತ್ತಿದ್ದವು. ಕಾರ್ಖಾನೆ ಬಾಗಿಲು ಮುಚ್ಚಿ ವರ್ಷಗಳಾದವು. ಕಬ್ಬು ಈಗ ಟ್ರ್ಯಾಕ್ಟರ್ ಏರಿ ಹೊರಗಿನ ಕಾರ್ಖಾನೆಗಳಿಗೆ ಹೋಗುತ್ತದೆ, ಹಿಂಬದಿಗೆ ಒಂದು ಕೆಂಪು ರೇಡಿಯಂ ಪಟ್ಟಿ ಕೂಡ ಇಲ್ಲದೆ. ದುಡಿಯುವವರು ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ ಕಡೆ ಪಾಳಿಯ ಬಸ್ಸು ಹತ್ತುತ್ತಾರೆ. ರಾತ್ರಿ ಪಾಳಿಯವರ ಮನೆಯಲ್ಲಿ ಹೆಂಗಸರು, ಮಕ್ಕಳು, ವಯಸ್ಸಾದವರು ಮಾತ್ರ. ಪೊಲೀಸ್ ಠಾಣೆ ಓಣಿಯ ಹತ್ತಿರವೇ ಇದ್ದರೂ, ಎಚ್ಚರವಿರುವ ನೂರು ಜನರ ಬದಲಿಗೆ ಗಸ್ತಿನ ಒಂದು ಬೈಕು ಸಾಲುವುದಿಲ್ಲ.

ಕಾವಲಿನ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ನಗರದ ಕೊತ್ವಾಲನ ಕೈಕೆಳಗೆ ಹನ್ನೆರಡು ಸಾವಿರ ಕಾವಲಿನವರಿದ್ದರೆಂದೂ ಅವರ ಸಂಬಳ ವೇಶ್ಯಾವಾಟಿಕೆಗಳ ತೆರಿಗೆಯಿಂದ ಬರುತ್ತಿತ್ತೆಂದೂ ಬರೆದಿದ್ದಾನೆ. ಮುಂದಿನ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಇನ್ನೂ ಸ್ವಾರಸ್ಯವಾದದ್ದನ್ನು ಹೇಳುತ್ತಾನೆ: ರಾಜಧಾನಿಯ ಕಳವುಗಳಿಗೆ ಅಧಿಕಾರಿಯೇ ಲೆಕ್ಕ ಕೊಡಬೇಕಿತ್ತು, ಅದಕ್ಕೇ ಕಳವು ಕಡಿಮೆ, ಕಳೆದುಕೊಂಡವರು ಒಂದಿಷ್ಟು ಕಾಣಿಕೆ ಕೊಟ್ಟು ಕಳ್ಳನ ಚಹರೆ ಹೇಳಿದರೆ ಮಾಟಗಾರರ ನೆರವಿನಿಂದ ಅವನು ಊರಲ್ಲಿದ್ದಾನೋ ಇಲ್ಲವೋ ಹೇಳುತ್ತಿದ್ದರಂತೆ. ಮಾಟಗಾರರ ಜಾಗಕ್ಕೆ ಈಗ ಮೊಬೈಲ್ ಟವರ್ ಬಂದಿದೆ. ಕಾಣಿಕೆಯ ವಿಷಯ ನಾನು ಮಾತಾಡುವುದಿಲ್ಲ. ಹಳ್ಳಿಗಳಲ್ಲಿ ತಳವಾರನಿದ್ದ. ರಾತ್ರಿ ಊರು ಸುತ್ತುವುದು, ಹೊಸಬರ ಮೇಲೆ ಕಣ್ಣಿಡುವುದು ಅವನ ಕೆಲಸ, ಅದಕ್ಕೆ ಊರಿನಿಂದ ಅವನಿಗೆ ಭೂಮಿ, ಆಯ. ದಕ್ಷಿಣದ ಕಾವಲು ಪದ್ಧತಿಯಲ್ಲಿ ಕಳವಾದ ಮಾಲು ಸಿಗದಿದ್ದರೆ ಕಾವಲುಗಾರನೇ ನಷ್ಟ ತುಂಬಬೇಕೆಂಬ ಕರಾರೂ ಇತ್ತು. ಇವತ್ತಿನ ಯಾವ ಸೆಕ್ಯುರಿಟಿ ಏಜೆನ್ಸಿ ಅಂಥ ಕರಾರಿಗೆ ರುಜು ಹಾಕೀತು?

ಬೆಳಕು ಹಾಕಿದರೆ ಕಳವು ನಿಲ್ಲುತ್ತದೆಯೇ ಎಂಬುದಕ್ಕೆ ಹೊರದೇಶಗಳ ಅಧ್ಯಯನಗಳು ಒಂದೇ ಉತ್ತರ ಕೊಡುವುದಿಲ್ಲ. ನ್ಯೂಯಾರ್ಕಿನಲ್ಲಿ 2016ರಲ್ಲಿ ಚೀಟಿ ಎತ್ತಿದಂತೆ ಆರಿಸಿದ ಬಡಾವಣೆಗಳಲ್ಲಿ ದೊಡ್ಡ ದೀಪಗಳನ್ನು ನಿಲ್ಲಿಸಿ ನೋಡಿದಾಗ ರಾತ್ರಿ ಹೊರಗಡೆ ನಡೆಯುವ ಗಂಭೀರ ಅಪರಾಧ ಶೇ 36ರಷ್ಟು ಇಳಿಯಿತು. ಅದಕ್ಕೆ ಹಿಂದಿನ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯ ಸಂಸ್ಥೆಗಳ ಲೆಕ್ಕ ನೋಡಿ, ಬೀದಿದೀಪ ಆರಿಸಿದ ಅಥವಾ ಮಂದ ಮಾಡಿದ ಕಡೆ ಅಪರಾಧ ಹೆಚ್ಚಿದ್ದಕ್ಕೆ ಪುರಾವೆಯಿಲ್ಲ ಎಂದಿತು. ಎರಡೂ ನಿಜವಿರಬಹುದು. ನೋಡುವ ಕಣ್ಣಿದ್ದ ಕಡೆ ದೀಪಕ್ಕೆ ಬೆಲೆ. ಎಲ್ಲರೂ ಬಾಗಿಲು ಹಾಕಿಕೊಂಡು ಟಿವಿ ಮುಂದೆ ಕುಳಿತ ಓಣಿಯಲ್ಲಿ ಎಲ್ಇಡಿ ದೀಪ ಕಳ್ಳನ ಕೈಗೇ ಬೆಳಕು ಹಿಡಿಯುತ್ತದೆ. ಆದರೆ ನಮ್ಮಲ್ಲಿ ತಕರಾರು ಇಷ್ಟು ಸೂಕ್ಷ್ಮದ್ದಲ್ಲ. ಇಲ್ಲಿ ಕಂಬ ಇರುತ್ತದೆ, ದೀಪ ಇರುವುದಿಲ್ಲ. ದೀಪ ಇದ್ದರೆ ಹಗಲಲ್ಲಿ ಉರಿಯುತ್ತದೆ. ನಗರಸಭೆಗೆ ಹೇಳಿದರೆ ವಿದ್ಯುತ್ ಕಂಪನಿ ಜೆಸ್ಕಾಂ, ಜೆಸ್ಕಾಂಗೆ ಹೇಳಿದರೆ ನಗರಸಭೆ. ಉತ್ಸವಕ್ಕೆ ಹಂಪಿಯ ಕಲ್ಲುಕಲ್ಲಿಗೂ ಬಣ್ಣದ ಬೆಳಕು ಬೀಳುವಾಗ ಓಣಿಯ ಕೊನೆಯ ಕಂಬದ ಬಲ್ಬು ಬದಲಾಗುವುದಿಲ್ಲ, ಬಂದೋಬಸ್ತಿಗೆ ಪೊಲೀಸರೂ ಅತ್ತಲೇ.

ಸಿಸಿಟಿವಿಯದು ಇನ್ನೊಂದು ಭ್ರಮೆ. ಒಮ್ಮೆಗೆ ನೂರು ಜನ ಅಥವಾ ದಿನಕ್ಕೆ ಐನೂರು ಜನ ಸೇರುವ ಅಂಗಡಿ, ಆಸ್ಪತ್ರೆ, ಸಂಸ್ಥೆಗಳು ಕ್ಯಾಮೆರಾ ಹಾಕಲೇಬೇಕೆಂದು ರಾಜ್ಯದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. ಆಮೇಲೆ ಕ್ಯಾಮೆರಾ ಮನೆಮನೆಗೂ ಬಂತು. ಕ್ಯಾಮೆರಾ ಕಳ್ಳನನ್ನು ತಡೆಯುವುದಕ್ಕಿಂತ ಹಿಡಿಯುವುದಕ್ಕೆ ಹೆಚ್ಚು ಉಪಯೋಗ, ಅದೂ ಕಳ್ಳ ದಡ್ಡನಾಗಿದ್ದರೆ. 2024ರ ಅಕ್ಟೋಬರ್ ಕೊನೆಯಲ್ಲಿ, ದೀಪಾವಳಿ ಹೊಸ್ತಿಲಲ್ಲಿ, ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕಿನ ಕಿಟಕಿಯ ಸರಳು ತೆಗೆದು ಒಳಹೊಕ್ಕವರು ಜನ ಅಡವಿಟ್ಟಿದ್ದ 17 ಕಿಲೋಗೂ ಹೆಚ್ಚು ಬಂಗಾರ ಒಯ್ದರು. ಹೋಗುವಾಗ ಕ್ಯಾಮೆರಾದ ದೃಶ್ಯ ಉಳಿಯುವ ಡಿವಿಆರ್ ಪೆಟ್ಟಿಗೆಯನ್ನೂ ಹೊತ್ತೊಯ್ದರು. ತಿಂಗಳುಗಟ್ಟಲೆ ಬೆನ್ನುಹತ್ತಿದ ಪೊಲೀಸರು ಮರುವರ್ಷ ಆ ಬಂಗಾರದ ಬಹುಪಾಲನ್ನು ಮಧುರೈ ಕಡೆಯ ಬಾವಿಯೊಂದರಿಂದ ಎತ್ತಿದರು. ಡಿವಿಆರ್ ಅನ್ನು ಟಿವಿ ಕೆಳಗೆ ಇಡುವವರಿಗೆ ಇದಕ್ಕಿಂತ ಪಾಠ ಬೇಡ. ಮೊಬೈಲಿನಲ್ಲಿ ನೋಡುವ ವೈಫೈ ಕ್ಯಾಮೆರಾದವರು ಡಬ್ಬಿಯ ಮೇಲೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಲಿ, ಇಲ್ಲದಿದ್ದರೆ ಮನೆಯೊಳಗಿನದನ್ನು ಯಾರು ಯಾರು ನೋಡುತ್ತಾರೋ. ಮತ್ತು ಕರೆಂಟು ಹೋದಾಗ ಕ್ಯಾಮೆರಾವೂ ಕುರುಡು ಎಂಬುದು ನೆನಪಿರಲಿ.

ನಸುಕಿನ ಕತ್ತಲೆಗೆ ಬರೋಣ. ಧನುರ್ಮಾಸದಲ್ಲಿ ಅಂಗಳಕ್ಕೆ ನೀರು ಹಾಕಿ, ರಂಗೋಲಿಗೆ ಬಗ್ಗಿದ ಹೆಂಗಸಿನ ಕಣ್ಣು ನೆಲದ ಮೇಲೆ, ಬೆನ್ನು ಬೀದಿಗೆ. ಬೈಕಿನಲ್ಲಿ ಇಬ್ಬರು, ವಿಳಾಸ ಕೇಳುವ ನೆಪ, ಒಂದು ಕ್ಷಣದ ಕೆಲಸ. ಹೋಗುವ ಸರಕ್ಕಿಂತ ಎಳೆತಕ್ಕೆ ಬಿದ್ದು ಆಗುವ ಪೆಟ್ಟೇ ಎಷ್ಟೋ ಸಲ ಹೆಚ್ಚು. ಹಳೆಯ ದಂಡ ಸಂಹಿತೆಯಲ್ಲಿ ಹೀಗೆ ಕಿತ್ತುಕೊಂಡು ಓಡುವುದಕ್ಕೆ ಪ್ರತ್ಯೇಕ ಕಲಂ ಇರಲಿಲ್ಲ. ಹೊಸ ಸಂಹಿತೆಯ 304ನೇ ಕಲಂ ಅದನ್ನು ಬೇರೆಯಾಗಿ ಹೆಸರಿಸಿ ಮೂರು ವರ್ಷದವರೆಗೆ ಶಿಕ್ಷೆ ಇಟ್ಟಿದೆ. ‘ಸೆರಗು ಹೊದ್ದುಕೊಳ್ರಿ, ಸರ ತೆಗೆದಿಟ್ಟು ಬರ್ರಿ’ ಎಂದು ಹೆಂಗಸರಿಗೆ ಬುದ್ಧಿ ಹೇಳುವವರು ಬಹಳ. ಆ ಹೊತ್ತಿನಲ್ಲೇ ಗಸ್ತು ತಿರುಗಲಿ ಎಂದು ಕೇಳುವವರು ಕಡಿಮೆ. ರಾತ್ರಿ ಗಸ್ತು ಮುಗಿದು ಹಗಲಿನವರು ಬರುವ ಮುಂಚಿನ ಈ ಸಂದು ಯಾರಿಗೂ ಸೇರಿದ್ದಲ್ಲ.

ಸಂಜೆಯ ಕತ್ತಲೆಯೂ ಹೆಂಗಸರ ಮಟ್ಟಿಗೆ ಬದಲಾಗಿದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಕಂಪ್ಲಿ, ಸಂಡೂರು ಕಡೆಯಿಂದ ಹೊಸಪೇಟೆಗೆ ಕೆಲಸಕ್ಕೆ, ಓದಿಗೆ ಬಂದುಹೋಗುವ ಹೆಂಗಸರು ಹೆಚ್ಚಿದ್ದಾರೆ. ಬಸ್ಸಿನಲ್ಲಿ ಭಯವಿಲ್ಲ, ಭಯ ಇರುವುದು ಇಳಿದ ಮೇಲೆ, ಸ್ಟಾಪಿನಿಂದ ಮನೆವರೆಗಿನ ಅರ್ಧ ಮೈಲಿಯಲ್ಲಿ. ಸರ್ಕಾರ ಟಿಕೆಟ್ ಕೊಟ್ಟಿತು, ದೀಪ ಕೊಡುವುದು ಮರೆಯಿತು.

ಇನ್ನು 2025ರ ಮಾರ್ಚ್ 6ರ ರಾತ್ರಿಯ ಸಾಣಾಪುರ. ಹೊಳೆಯ ಆಚೆ ದಡದಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಹತ್ತಿರ ನಕ್ಷತ್ರ ನೋಡುತ್ತ ಕುಳಿತಿದ್ದ ಪ್ರವಾಸಿಗರ ಮೇಲೆ ಬೈಕಿನಲ್ಲಿ ಬಂದವರು ದಾಳಿ ಮಾಡಿದರು; ಮೂವರು ಗಂಡಸರನ್ನು ಕಾಲುವೆಗೆ ತಳ್ಳಿ, ಇಸ್ರೇಲಿನ ಪ್ರವಾಸಿ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರ ಎಸಗಿದರು. ಒಡಿಶಾದ ಯುವಕ ನೀರಿನಲ್ಲಿ ಮುಳುಗಿ ಸತ್ತ. ಮೂವರನ್ನು ಪೊಲೀಸರು ಹಿಡಿದರು. ಆಗ ನಡೆದ ಚರ್ಚೆಯಲ್ಲಿ ‘ಅಷ್ಟೊತ್ತಿನಲ್ಲಿ ಅಲ್ಲೇಕೆ ಹೋಗಬೇಕಿತ್ತು’ ಎಂದವರು ಬೇಕಾದಷ್ಟು ಜನ. ನನಗೆ ಆ ಪ್ರಶ್ನೆಯೇ ನಾಚಿಕೆಗೇಡು ಅನಿಸುತ್ತದೆ. ರಾತ್ರಿಯ ಆಕಾಶ ತೋರಿಸುತ್ತೇವೆಂದು ಪ್ರವಾಸಿಗರನ್ನು ಕರೆಯುವ ಊರು, ರಾತ್ರಿಯ ದಾರಿಗೂ ಹೊಣೆ ಹೊರಬೇಕು. ಹೋಂಸ್ಟೇಗಳ ನೋಂದಣಿ, ಅತಿಥಿಗಳ ಮಾಹಿತಿ, ಪ್ರವಾಸಿ ಮಿತ್ರರ ನೇಮಕ ಎಲ್ಲವೂ ಘಟನೆ ಆದ ಮೇಲಷ್ಟೇ ಬಿಸಿಯಾಗುತ್ತವೆ.

ಹೊಲದ ಕತ್ತಲೆ ಬೇರೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಕೊಟ್ಟರೆ ರೈತ ರಾತ್ರಿಯೇ ನೀರು ಕಟ್ಟಬೇಕು. ಬಾಳೆ, ಕಬ್ಬು, ಭತ್ತದ ಈ ಕಾಲುವೆ ಸೀಮೆಯಲ್ಲಿ ಚಳಿಗಾಲದ ರಾತ್ರಿ ಕೊಳಕುಮಂಡಲದ ಕಾಲವೂ ಹೌದು. ಅಲ್ಲಿ ಬೀಗವೂ ಕ್ಯಾಮೆರಾವೂ ಕೆಲಸಕ್ಕೆ ಬಾರವು. ಬ್ಯಾಟರಿ, ಗಂಬೂಟು, ಕೋಲು ಬೇಕು. ಹಾವು ಕಡಿತವನ್ನು 2024ರಲ್ಲಿ ರಾಜ್ಯ ಸರ್ಕಾರ ವರದಿ ಮಾಡಲೇಬೇಕಾದ ಕಾಯಿಲೆ ಎಂದು ಘೋಷಿಸಿದೆ. ಔಷಧ ಸರ್ಕಾರಿ ಆಸ್ಪತ್ರೆಯಲ್ಲಿದೆ, ನಾಟಿ ಮಂತ್ರದವರ ಹತ್ತಿರ ಇಲ್ಲ. ಆನೆಗೊಂದಿ, ಕಮಲಾಪುರ, ದರೋಜಿ ಕಡೆಯವರಿಗೆ ಇದರ ಮೇಲೆ ಚಿರತೆ, ಕರಡಿ.

ಕತ್ತಲ ತಿಂಗಳಲ್ಲಿ ನಾನು ಕಳ್ಳರಷ್ಟೇ ಹೆದರುವುದು ವದಂತಿಗೆ. ತೊಂಬತ್ತರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವಕ್ಕೆಂದು ಕರ್ನಾಟಕದ ಬಾಗಿಲುಗಳ ಮೇಲೆಲ್ಲ ‘ನಾಳೆ ಬಾ’ ಎಂದು ಬರೆದಿದ್ದರು. ಅದು ನಗುವ ವಿಷಯ. 2018ರದು ಅಲ್ಲ: ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ಸುಳ್ಳು ನಂಬಿ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಅಮಾಯಕರನ್ನು ಜನ ಬಡಿದು ಕೊಂದರು. ಇಂದಿಗೂ ‘ಗ್ಯಾಂಗ್ ಬಂದಿದೆ, ಹುಷಾರು’ ಎಂಬ ಆಡಿಯೊ ಓಣಿಯ ಗ್ರೂಪಿಗೆ ಬಂದರೆ ಮರುದಿನ ಏಟು ಬೀಳುವುದು ಕಂಬಳಿ ಮಾರುವವನಿಗೆ, ಪಾತ್ರೆಗೆ ಕೂದಲು ಕೊಳ್ಳುವವಳಿಗೆ. ಇಡೀ ಇಡೀ ಸಮುದಾಯಗಳನ್ನು ಹುಟ್ಟುಗಳ್ಳರೆಂದು ಬರೆದಿಟ್ಟ 1871ರ ಬ್ರಿಟಿಷ್ ಕಾಯ್ದೆ 1952ರಲ್ಲಿ ರದ್ದಾಗಿದೆ. ನಮ್ಮ ತಲೆಯೊಳಗಿನ ಪಟ್ಟಿ ರದ್ದಾಗಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹೊಸ ಸಲಕರಣೆಗಿಂತ ಹಳೆಯ ಒಂದು ಮಾತಿಗೆ ನನ್ನ ಮತ: ‘ಊರಿಗೆ ಹೊಂಟೀವಿ ಅಕ್ಕಾ, ಮನೆ ಕಡೆ ಒಂಚೂರು ನೋಡ್ಕಳ್ರಿ’. ಆ ಅಕ್ಕ ಸಂಜೆ ಅಂಗಳದ ದೀಪ ಹಾಕಿ, ಬೆಳಗ್ಗೆ ಪೇಪರು, ಹಾಲಿನ ಪಾಕೀಟು ಎತ್ತಿ, ಒಂದೆರಡು ಎಳೆ ರಂಗೋಲಿ ಎಳೆದರೆ ಮನೆ ಖಾಲಿಯಿದೆ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಬದಲಿಗೆ ನಾವು ಮಾಡುವುದು, ತಿರುಪತಿಯಲ್ಲಿ ನಿಂತು ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುವುದು. ವಾಪಸು ಬಂದ ಮೇಲೆ ಹಾಕಿದರೂ ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ಪೊಲೀಸರ ಕಡೆಯಿಂದ ಬೀಟ್ ವ್ಯವಸ್ಥೆ ಇದೆ. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮವನ್ನೂ ರಾಜ್ಯ ಸರ್ಕಾರ ಶುರುಮಾಡಿದೆ. ಬೀಟ್ ಪೊಲೀಸರು ನಿಮ್ಮ ಬಾಗಿಲಿಗೆ ಬರಲಿ ಎಂದು ಕಾಯಬೇಡಿ. ಊರಿಗೆ ಹೊರಡುವ ಮುಂಚೆ ಠಾಣೆಗೆ ಹೋಗಿ ಮನೆ ನಂಬರು, ದಿನಾಂಕ ಬರೆಸಿ. ಬಂದು ನೋಡಿದಾಗ ಬಾಗಿಲು ಮೀಟಿದ್ದರೆ ಒಳಗೆ ಹೋಗಿ ಏನೇನು ಹೋಗಿದೆ ಎಂದು ತಡಕಾಡಬೇಡಿ, ಬೆರಳಚ್ಚು ಅಳಿಸುತ್ತದೆ. ಹೊರಗೇ ನಿಂತು 112ಕ್ಕೆ ಫೋನ್ ಮಾಡಿ. ‘ಇದು ನಮ್ಮ ಸರಹದ್ದಲ್ಲ’ ಎಂದು ಯಾವ ಠಾಣೆಯವರೂ ದೂರು ನಿರಾಕರಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಎಲ್ಲಿ ಬೇಕಾದರೂ ದೂರು ಕೊಡಬಹುದು, ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು.

ನಗರಸಭೆಯವರಲ್ಲಿ ಒಂದೇ ಬೇಡಿಕೆ. ಪ್ರತಿ ವರ್ಷ ದಸರೆಗೆ ಮುಂಚೆ ವಾರ್ಡಿನ ಸದಸ್ಯರು, ಜೆಸ್ಕಾಂ ಲೈನ್‌ಮನ್, ಬೀಟ್ ಪೊಲೀಸ್ ಮೂವರೂ ಕೂಡಿ ಒಂದು ರಾತ್ರಿ ಚಿತ್ತವಾಡ್ಗಿಯ ಓಣಿಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಲಿ, ಉರಿಯದ ಕಂಬಗಳ ನಂಬರು ಬರೆದುಕೊಳ್ಳಲಿ, ದೀಪಾವಳಿಯೊಳಗೆ ಬಲ್ಬು ಹಾಕಿಸಲಿ.